ಯಾಮ್ನಾ ತಡೆದಿಟ್ಟ ಬಟ್ಟಲುಗಳು

ಐನ್ ಸೆದ್ರಾ
20 ನವೆಂಬರ್ 1988

ತಮ್ಮ ಜಿಲಾಲಿಗೆ,

ನಾನು ಚೆನ್ನಾಗಿದ್ದೇನೆ, ಕತ್ತೆಯೂ ಚೆನ್ನಾಗಿದೆ. ನೀನು, ಫತೀಹಾ, ಮಗು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ನನ್ನ ಕಾಗದ ಬಂದರೆ ನೀನು ಮೊದಲ ಅರ್ಧ ಪುಟ ಬಿಟ್ಟೇ ಓದುತ್ತೀಯ ಎಂದು ನಿನ್ನ ಹೆಂಡತಿ ಒಮ್ಮೆ ಹೇಳಿದ್ದಳು.

ರಸ್ತೆ ಬದಿಯ ಹೊಲವನ್ನು ಈ ಸಲ ಹಾಜಿ ಬುಶ್ತಾನಿಗೆ ಗೇಣಿಗೆ ಕೊಡಬೇಡ. ನನಗೆ ಬಿಡು. ಅಪ್ಪನ ಆಸ್ತಿಯಲ್ಲಿ ಎರಡು ಪಾಲು ನಿನ್ನದು, ಒಂದು ಪಾಲು ನನ್ನದು, ಅದನ್ನು ನೀನು ನೆನಪಿಸಬೇಕಾಗಿಲ್ಲ. ಗಂಡ ತೀರಿಕೊಂಡು ತವರಿಗೆ ಬಂದ ದಿನದಿಂದ ಊರಿನವರು ನನಗೆ ಅದನ್ನು ನೆನಪಿಸುತ್ತಲೇ ಇದ್ದಾರೆ. ಆದರೆ ಆ ಹೊಲದ ಎದುರಿಗೆ ಬದುಕುತ್ತಿರುವವಳು ನಾನು. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಅದರ ಮುಖ ನೋಡುವವಳು ನಾನು. ಅದು ಸೊರಗಿದೆ, ಜಿಲಾಲಿ.

ಹಾಜಿ ಗೋಧಿ ಕೊಯ್ದ ಮೇಲೆ ಗೋಧಿ ಬಿತ್ತುತ್ತಾನೆ, ಅದನ್ನು ಕೊಯ್ದು ಮತ್ತೆ ಗೋಧಿ. ಅವನ ಟ್ರ್ಯಾಕ್ಟರಿಗೆ ಬೇರೆ ಬೆಳೆ ಗೊತ್ತಿಲ್ಲ. ಈಗ ಗೋಧಿಗಿಂತ ಗೋಧಿಯ ಹಾಗೆ ಕಾಣುವ ಕಳೆಯೇ ಹೆಚ್ಚು. ಕಳೆದ ಬೇಸಿಗೆಯಲ್ಲಿ ತೆನೆ ಹಿಡಿದರೆ ಅಂಗೈ ಅರ್ಧವೂ ತುಂಬುತ್ತಿರಲಿಲ್ಲ. ಅಪ್ಪ ಹೀಗೆ ಮಾಡಿದವನಲ್ಲ. ಒಂದು ವರ್ಷ ಗೋಧಿ, ಮರುವರ್ಷ ಕಡಲೆಯೋ ಅವರೆಯೋ ಚೆನ್ನಂಗಿಯೋ. ಕಾಳು ಬೆಳೆದ ನೆಲದಲ್ಲಿ ಮರುವರ್ಷ ಗೋಧಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಅದು ನಿನಗೂ ನೆನಪಿರಬೇಕು.

ಕೃಷಿ ಕಚೇರಿಯಿಂದ ನಜಾತ್ ಎಂಬ ಹುಡುಗಿ ಬಂದಿದ್ದಳು. ಬೋರೆ ಮರದ ಕೆಳಗೆ ಗಂಡಸರನ್ನು ಕೂರಿಸಿ ಕಾಳು ಬೆಳೆಯಿರಿ, ಲಾಭವಿದೆ ಎಂದಳು. ಅವಳ ಹತ್ತಿರ ಹೊಸ ಕಡಲೆ ಬೀಜವಿದೆ, ಅದನ್ನು ಮಾರ್ಚಿನಲ್ಲಲ್ಲ, ಡಿಸೆಂಬರಿನಲ್ಲೇ ಬಿತ್ತಬೇಕಂತೆ. ಚಳಿಗಾಲದ ಮಳೆಯೆಲ್ಲ ಕುಡಿದು ಇಮ್ಮಡಿ ಕೊಡುತ್ತದಂತೆ. ಗಂಡಸರು ಚಹಾ ಕುಡಿದರು, ನಕ್ಕರು, ಎದ್ದು ಹೋದರು. ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದ ನಾನು ಹೋಗಿ ಬೀಜ ಕೇಳಿದೆ. ಅವಳು ಹೊಲ ಯಾರದು ಎಂದು ಕೇಳಿದಳು. ನನ್ನ ತಮ್ಮನದು ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಸಿಟ್ಟು ಬಂತು ಎಂದು ನಿನಗೆ ಗೊತ್ತಾಗುವುದಿಲ್ಲ.

ಬೇಗ ಬರೆ. ಮಳೆ ಕಾಯುವುದಿಲ್ಲ.

ನಿನ್ನ ಅಕ್ಕ,
ಯಾಮ್ನಾ


ಕೆನಿತ್ರಾ
6 ಡಿಸೆಂಬರ್ 1988

ಅಕ್ಕ,

ಕಾಗದ ಪೂರ್ತಿ ಓದಿದೆ. ಮೊದಲಿನಿಂದ.

ನಾನು ಹಿಟ್ಟಿನ ಗಿರಣಿಯಲ್ಲಿ ದುಡಿಯುವವನು. ಬೆಳಗಾದರೆ ಲಾರಿಗಟ್ಟಲೆ ಗೋಧಿ ಒಳಗೆ ಬರುತ್ತದೆ. ಒಂದು ದಿನವಾದರೂ ಗಿರಣಿಯ ಬಾಗಿಲಿಗೆ ಕಡಲೆಯ ಲಾರಿ ಬಂದದ್ದನ್ನು ನೋಡಿಲ್ಲ. ಜನ ರೊಟ್ಟಿ ತಿನ್ನುತ್ತಾರೆ. ಹಾಜಿ ಬುಶ್ತಾ ದಡ್ಡನಲ್ಲ.

ಅಪ್ಪ ಕಡಲೆ ಬೆಳೆಯುತ್ತಿದ್ದ, ನಿಜ. ಆಗ ಊರೆಲ್ಲ ಬೆಳೆಯುತ್ತಿತ್ತು. ಈಗ ನೀನೊಬ್ಬಳು ಬೆಳೆದರೆ ಏನಾಗುತ್ತದೆ ಗೊತ್ತಾ? ಸುತ್ತ ಹತ್ತೂ ಕಡೆ ಗೋಧಿ, ನಡುವೆ ಒಂದು ಕಡಲೆ ಹೊಲ, ಅದೂ ಸಂತೆಯ ದಾರಿಯಲ್ಲಿ. ಕಾಯಿ ಹಸಿರಾಗಿರುವಾಗಲೇ ಊರಿನ ಬಾಯಿ ಅದನ್ನು ಮುಗಿಸುತ್ತದೆ. ದಾರಿಹೋಕರು ನಿಂತು ತಿಂದರೆ ಬೇಡ ಅನ್ನುವಂತಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಕಾಳಿನ ಬೆಳೆ ಊರಿನಿಂದ ಹೋದದ್ದೇ ಹಾಗೆ. ಒಬ್ಬ ಬಿಟ್ಟ, ಉಳಿದವರ ಹೊಲಕ್ಕೆ ಬಾಯಿ ಜಾಸ್ತಿಯಾಯಿತು, ಅವರೂ ಬಿಟ್ಟರು. ನಿನ್ನ ನಜಾತ್ ರೋಗದ ಲೆಕ್ಕ ಹಾಕಿರಬಹುದು, ಮಳೆಯ ಲೆಕ್ಕ ಹಾಕಿರಬಹುದು. ಈ ಲೆಕ್ಕ ಅವಳ ಪುಸ್ತಕದಲ್ಲಿ ಇರುವುದಿಲ್ಲ.

ಫತೀಹಾ ಹೇಳುತ್ತಾಳೆ, ಒಂದು ವರ್ಷ ಕೊಟ್ಟರೆ ಗಂಟೇನು ಹೋಗುತ್ತದೆ, ಆಮೇಲೆ ನಿಮ್ಮಕ್ಕ ತಾನಾಗಿ ಸುಮ್ಮನಾಗುತ್ತಾಳೆ ಎಂದು. ಅವಳಿಗೆ ನೀನು ಗೊತ್ತಿಲ್ಲ. ಆದರೂ ಆಗಲಿ, ಒಂದು ವರ್ಷ. ಹಾಜಿಗೆ ನಾನೇ ಹೇಳಿ ಕಳಿಸುತ್ತೇನೆ. ಬರುವ ಬೇಸಿಗೆಯಲ್ಲಿ ಏನು ಬಂತು ಎಂದು ನೋಡಿ ತೀರ್ಮಾನ ಮಾಡೋಣ.

ನಿನ್ನ ತಮ್ಮ,
ಜಿಲಾಲಿ


ಐನ್ ಸೆದ್ರಾ
14 ಮಾರ್ಚ್ 1989

ಜಿಲಾಲಿ,

ಹೂವಾಗಿದೆ.

ನಜಾತ್ ಕೊಟ್ಟ ಬೀಜ ಬಿತ್ತಿದ ವಾರ ಚಹಾದಂಗಡಿಯಲ್ಲಿ ನನ್ನ ಹೊಲವೇ ಮಾತಂತೆ. ಬಾದಾಮಿ ಮರ ಹೂಬಿಟ್ಟ ಮೇಲೆ ಬಿತ್ತುವ ಕಡಲೆಯನ್ನು ಕೊರೆಯುವ ಚಳಿಯಲ್ಲಿ ಬಿತ್ತಿದವಳಿಗೆ ತಲೆ ಕೆಟ್ಟಿದೆ ಎಂದರು. ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ನೆಲ ಬಿಳಿಚಿಕೊಂಡಾಗ ಬಂದು ಬಂದು ನೋಡಿದರು. ಗಿಡ ಸಾಯಲಿಲ್ಲ. ಆಮೇಲೆ ಮಳೆ ಹಿಡಿದಾಗ, ಸುಟ್ಟ ಹಾಗೆ ಮಾಡುವ ಆ ರೋಗ ಬರುತ್ತದೆ ಎಂದರು. ಒಂದೆರಡು ಕಡೆ ಎಲೆ ಚುಕ್ಕೆಯಾಯಿತು, ಅಷ್ಟಕ್ಕೇ ನಿಂತಿತು. ಈಗ ಗಿಡ ಮೊಣಕಾಲುದ್ದ ಬಂದಿದೆ. ಮಾರ್ಚಿನಲ್ಲಿ ಬಿತ್ತುವ ಕಡಲೆ ಇಷ್ಟೆತ್ತರ ಬಂದದ್ದನ್ನು ನಾನಂತೂ ಕಂಡಿಲ್ಲ. ಹಾಜಿ ಬುಶ್ತಾ ಕೂಡ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿಕೊಂಡು ಹೋದ. ನನ್ನ ಜೊತೆ ಮಾತಾಡಲಿಲ್ಲ. ಹೆಂಗಸರ ಜೊತೆ ಹೊಲದ ಮಾತಾಡಿದರೆ ಅವನ ಹಜ್ ಯಾತ್ರೆಯ ಪುಣ್ಯ ಕಡಿಮೆಯಾಗುತ್ತದೆಯೋ ಏನೋ.

ಊರಿನ ಬಾಯಿ ಅಂದೆಯಲ್ಲ. ಅದಕ್ಕೂ ನಾನು ದಾರಿ ಕಂಡುಕೊಂಡಿದ್ದೇನೆ. ಮಾರ್ಚಿನಲ್ಲಿ ಬಿತ್ತಿದ್ದರೆ ಕಾಯಿ ಜೂನಿನಲ್ಲಿ ತುಂಬುತ್ತಿತ್ತು. ನನ್ನದು ಏಪ್ರಿಲ್ ಕೊನೆಗೇ ತುಂಬುತ್ತದೆ. ಈ ವರ್ಷ ಏಪ್ರಿಲ್ ಅಂದರೆ ಏನು, ಯೋಚಿಸು. ರಂಜಾನ್. ಕಾಯಿ ಹಸಿರಾಗಿರುವ ಅಷ್ಟೂ ದಿನ ಊರಿನ ಬಾಯಿಗೆ ಬೀಗ. ಹಗಲು ನೀರನ್ನೂ ಮುಟ್ಟದ ಜನ ನನ್ನ ಕಡಲೆ ಮುಟ್ಟುತ್ತಾರೆಯೇ? ಹಬ್ಬ ಬರುವ ಹೊತ್ತಿಗೆ ಕಾಯಿ ಗಟ್ಟಿಯಾಗಿ ಹಲ್ಲಿಗೆ ಬಗ್ಗುವುದಿಲ್ಲ. ನನಗೆ ಕಾವಲುಗಾರ ಬೇಕಾಗಿಲ್ಲ, ಕಾವಲನ್ನು ಮೇಲಿನವನೇ ವಹಿಸಿಕೊಂಡಿದ್ದಾನೆ.

ಇದನ್ನು ಗಿರಣಿಯ ಗೆಳೆಯರಿಗೂ ಓದಿ ಹೇಳು.

ಯಾಮ್ನಾ


ಐನ್ ಸೆದ್ರಾ
1 ಮೇ 1989

ಜಿಲಾಲಿ,

ನೀನು ನಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನಕ್ಕು ಮುಗಿಸಿ ಮುಂದೆ ಓದು.

ರಂಜಾನಿನ ಮೊದಲ ವಾರ ಯಾರೂ ಹೊಲದ ಕಡೆ ತಿರುಗಿಯೂ ನೋಡಲಿಲ್ಲ, ಕಾಯಿ ಇನ್ನೂ ತುಂಬಿರಲಿಲ್ಲ. ತುಂಬಿದ ದಿನ ಮಧ್ಯಾಹ್ನ ಪಕ್ಕದ ಮನೆಯ ಘನ್ನೂ, ಹಾಜಿಯ ಟ್ರ್ಯಾಕ್ಟರ್ ಓಡಿಸುವ ಅಲ್ಲಾಲನ ಹೆಂಡತಿ, ಸೆರಗಿನ ತುಂಬ ಗಿಡ ಕಿತ್ತು ಕಟ್ಟಿಕೊಳ್ಳುತ್ತಿದ್ದಳು. ನಾನು ಹೋಗಿ ಅಡ್ಡ ನಿಂತೆ. ನಿಂತು ತಿನ್ನುವುದುಂಟು, ಕಟ್ಟಿಕೊಂಡು ಹೋಗುವುದು ಎಲ್ಲಿಯ ಪದ್ಧತಿ ಎಂದು ಕೇಳಿದೆ. ಅವಳು ಒಂದು ಚೂರೂ ಅಳುಕಲಿಲ್ಲ.

"ನಿಂತ್ಕೊಂಡು ತಿನ್ನೋಕೆ ಉಪವಾಸ ಕಣೇ ಯಾಮ್ನಾ. ನನ್ ಪಾಲು ನಾನು ಬಿಡಕ್ಕಾಗುತ್ತಾ? ಸಂಜೆ ತಿಂತೀನಿ, ಅಷ್ಟೇ ವ್ಯತ್ಯಾಸ."

ಅವಳು ಹೇಳಿದ್ದು ಮಸೀದಿಯವರೆಗೂ ಹೋಯಿತು, ಅಲ್ಲಿಂದ ಊರೆಲ್ಲ ಸುತ್ತಿತು. ಉಪವಾಸದಲ್ಲಿರುವವರ ಬಾಯಿಯ ಪಾಲನ್ನು ಮನೆಗೆ ಒಯ್ಯಬಹುದು ಎಂದು ಯಾರೂ ತೀರ್ಪು ಕೊಡಲಿಲ್ಲ, ಆದರೆ ಎಲ್ಲರೂ ಒಪ್ಪಿಕೊಂಡರು. ನಿಂತು ತಿನ್ನುವವರು ಒಂದು ಹಿಡಿಗೆ ಸಾಕು ಅನ್ನುತ್ತಾರೆ. ಮನೆಗೆ ಒಯ್ಯುವವರಿಗೆ ಗಂಡ, ಮಕ್ಕಳು, ಅತ್ತೆ, ನೆಂಟರು, ಎಲ್ಲರ ಬಾಯಿಯೂ ನೆನಪಾಗುತ್ತದೆ. ಮಸೀದಿಯಲ್ಲಿ ಪಾಠ ಹೇಳುವ ಫಕೀಹನ ಬಳಿ ನ್ಯಾಯ ಕೇಳಲು ಹೋದೆ. ಅವನ ಹೆಂಡತಿ ಅಂಗಳದಲ್ಲಿ ಕೂತು ಹಸಿಕಡಲೆ ಸುಲಿಯುತ್ತಿದ್ದಳು. ನಾನು ಹಾಗೇ ಹಿಂದಿರುಗಿದೆ.

ಇನ್ನು ಇದನ್ನು ಕೇಳು. ಒಂಟಿ ಹೆಂಗಸಿನ ಮನೆಗೆ ಉಪವಾಸ ಬಿಡುವ ಹೊತ್ತಿಗೆ ನೆರೆಯವರು ಹರೀರಾ ಸಾರು ಕಳಿಸುವುದುಂಟಲ್ಲ. ಈ ವರ್ಷ ದಿನಕ್ಕೊಂದು ಮನೆಯಿಂದ ಬಂತು, ಕೆಲವು ದಿನ ಎರಡು ಮನೆಯಿಂದ. ಬಟ್ಟಲ ಮುಚ್ಚಳ ತೆಗೆದರೆ ಒಳಗೆ ಹಸಿರು ಹಸಿರಾಗಿ ತೇಲುತ್ತಿರುವುದು ನನ್ನದೇ ಕಡಲೆ. ಅವರಿಗೆ ಸಂಕೋಚವೂ ಇಲ್ಲ, ಕಪಟವೂ ಇಲ್ಲ. ನಿನ್ನ ಕಡಲೆ ಈ ಸಲ ಬಹಳ ಎಳೆಯದು, ಸಾರಿಗೆ ರುಚಿಯೇ ಬೇರೆ ಎಂದು ಹೇಳಿ ಕಳಿಸುತ್ತಾರೆ. ಮೊದಲ ದಿನ ಅತ್ತುಬಿಟ್ಟೆ. ಎರಡನೆಯ ದಿನ ಕುಡಿದೆ. ರುಚಿ ನಿಜವಾಗಿಯೂ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ಆದರೆ ಬಟ್ಟಲು ನಾನು ಹಿಂದಕ್ಕೆ ಕೊಡುತ್ತಿಲ್ಲ. ತೊಳೆದು ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೇನೆ. ಊಟ ಬಂದ ಬಟ್ಟಲನ್ನು ಖಾಲಿ ಕಳಿಸಬಾರದು ಎಂದು ಅಮ್ಮ ನಮಗೆ ಕಲಿಸಿದ್ದಳು. ನನ್ನ ಹತ್ತಿರ ಈಗ ತುಂಬಿಸಲು ಏನೂ ಇಲ್ಲ. ಬಟ್ಟಲು ಕೇಳಿಕೊಂಡು ಬಂದವರಿಗೆ ಅದನ್ನೇ ಹೇಳಿದ್ದೇನೆ. ತುಂಬಿದ ಮೇಲೆ ಬರುತ್ತದೆ, ಅಲ್ಲಿಯವರೆಗೆ ತಟ್ಟೆಯಲ್ಲಿ ಕುಡಿಯಿರಿ ಎಂದೆ.

ಯಾಮ್ನಾ


ಕೆನಿತ್ರಾ
15 ಮೇ 1989

ಅಕ್ಕ,

ಹಬ್ಬದ ಶುಭಾಶಯ. ನಗಲಿಲ್ಲ. ಸ್ವಲ್ಪ ನಕ್ಕೆ.

ಹಬ್ಬಕ್ಕೆ ಇಲ್ಲಿಗೆ ಬಂದ ಊರಿನವರೆಲ್ಲ ನಿನ್ನ ಮಾತೇ ಆಡುತ್ತಾರೆ. ಜಿಲಾಲಿಯ ಅಕ್ಕ ಊರಿನ ಬಟ್ಟಲೆಲ್ಲ ಒತ್ತೆ ಇಟ್ಟುಕೊಂಡಿದ್ದಾಳೆ ಎಂದು. ಫತೀಹಾಗೆ ಮುಖ ತೋರಿಸಲು ನಾಚಿಕೆ. ದಯವಿಟ್ಟು ಅವನ್ನು ಅವರವರಿಗೆ ಕೊಟ್ಟುಬಿಡು. ಒಂದೊಂದು ಖರ್ಜೂರ ಹಾಕಿ ಕೊಟ್ಟರೂ ಪದ್ಧತಿ ಮುಗಿಯುತ್ತದೆ.

ಹಾಜಿ ಗಿರಣಿಗೆ ಬಂದಿದ್ದ. ನಿನ್ನ ಬಗ್ಗೆ ಕೆಟ್ಟದ್ದೇನೂ ಹೇಳಲಿಲ್ಲ. ಯಾಮ್ನಾ ಗಟ್ಟಿಗಿತ್ತಿ, ಆದರೆ ಹೊಲ ಗಟ್ಟಿತನದಿಂದ ಬೆಳೆಯುವುದಿಲ್ಲ ಎಂದ. ಅವನ ಹೊಲಕ್ಕೆ ಯಾರ ಬಾಯಿಯೂ ಬೀಳುವುದಿಲ್ಲ, ಹಸಿ ಗೋಧಿ ಯಾರು ತಿನ್ನುತ್ತಾರೆ? ನನಗೆ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಒಂದು ವರ್ಷ ಎಂದು ಹೇಳಿದ್ದೆ, ಒಂದು ವರ್ಷ ಆಯಿತು.

ಉಳಿದದ್ದನ್ನು ಕಿತ್ತು ಮಾರು. ಬಂದದ್ದೆಲ್ಲ ನೀನೇ ಇಟ್ಟುಕೋ, ನನ್ನ ಪಾಲು ಬೇಡ.

ಜಿಲಾಲಿ


ಐನ್ ಸೆದ್ರಾ
9 ಜುಲೈ 1989

ಜಿಲಾಲಿ,

ನಿನ್ನ ಪಾಲನ್ನು ನಾನು ದಾನವಾಗಿ ಕೇಳಿರಲಿಲ್ಲ. ಆದರೂ ಸರಿ, ಅದರಿಂದ ಏನು ಮಾಡಿದೆ ಎಂದು ಹೇಳುತ್ತೇನೆ.

ಕಡಲೆ ಕೀಳುವ ಕೆಲಸ ನಿನಗೆ ನೆನಪಿದೆಯೋ ಇಲ್ಲವೋ. ಇಬ್ಬನಿ ಆರುವ ಮೊದಲೇ ಕೀಳಬೇಕು, ಬಿಸಿಲೇರಿದರೆ ಕಾಯಿ ಉದುರುತ್ತದೆ. ಗಿಡದ ಹುಳಿ ಕೈಯ ಬಿರುಕಿಗೆ ಇಳಿದು ಉರಿಯುತ್ತದೆ, ಕಾಲಿಗೆ ತಾಗಿದರೆ ತುರಿಕೆ. ನಾನೊಬ್ಬಳೇ ಶುರುಮಾಡಿದೆ. ಎರಡನೆಯ ಬೆಳಿಗ್ಗೆ ಘನ್ನೂ ಬಂದು ಮಾತಾಡದೆ ಪಕ್ಕದ ಸಾಲು ಹಿಡಿದಳು. ತಿಂದದ್ದಕ್ಕೆ ಕೂಲಿಯೋ ಎಂದು ಕೆಣಕಿದೆ. ನಿನ್ನ ಕೈ ನೋಡೋಕಾಗಲ್ಲ, ಸುಮ್ನೆ ಕೀಳು ಎಂದಳು. ಅವಳ ಹಿಂದೆ ಇನ್ನೂ ಕೆಲವರು ಬಂದರು.

ಇಷ್ಟೆಲ್ಲ ಬಾಯಿ ತಿಂದ ಮೇಲೂ ಉಳಿದದ್ದು ಅಪ್ಪನ ಕಾಲದ ಮಾರ್ಚಿನ ಕಡಲೆಗಿಂತ ಕಡಿಮೆಯೇನೂ ಇರಲಿಲ್ಲ. ಇದನ್ನು ಇನ್ನೊಮ್ಮೆ ಓದು. ಊರು ತಿಂದ ಮೇಲೂ. ಹಾಗಾದರೆ ಊರು ತಿನ್ನದಿದ್ದರೆ? ಆ ರಾಶಿಯ ಮುಂದೆ ಕೂತಾಗ ನನಗೆ ಹೊಳೆಯಿತು. ಊರಿನ ಬಾಯಿಯನ್ನು ಮುಚ್ಚಿಸಲಾಗುವುದಿಲ್ಲ, ರಂಜಾನಿನ ಕೈಯಲ್ಲೇ ಆಗಲಿಲ್ಲ. ಬಾಯಿ ಅಷ್ಟೇ ಇರಲಿ, ಹೊಲ ಹೆಚ್ಚಾಗಲಿ. ಎಲ್ಲರ ಹೊಲದಲ್ಲೂ ಕಡಲೆ ಇದ್ದರೆ ನನ್ನ ಹೊಲವೊಂದಕ್ಕೇ ಯಾರು ಸೆರಗು ಒಡ್ಡುತ್ತಾರೆ?

ಖರ್ಚಿಗೆಂದು ಒಂದು ಚೀಲ ಮಾರಿದೆ. ಉಳಿದದ್ದರಲ್ಲಿ ಗೂಡಿನ ಬಟ್ಟಲೆಲ್ಲ ಇಳಿಸಿ ಒಂದೊಂದನ್ನೂ ಅಂಚಿನವರೆಗೂ ಕಡಲೆ ಬೀಜದಿಂದ ತುಂಬಿಸಿದೆ. ಕತ್ತೆಯ ಮೇಲೆ ಹೇರಿಕೊಂಡು ಮನೆಮನೆಗೆ ಹೋದೆ. ಎಲ್ಲ ಮನೆಯಲ್ಲೂ ಅದೇ ಮಾತು ಹೇಳಿದೆ. ಇದು ಬೇಯಿಸಲಿಕ್ಕಲ್ಲ. ಡಿಸೆಂಬರಿನಲ್ಲಿ ರಸ್ತೆಯ ಕಡೆಗೆ ಒಂದು ಪಟ್ಟಿ ನೆಲದಲ್ಲಿ ಬಿತ್ತಿ. ಸಾಲದಿದ್ದರೆ ನನ್ನ ಮನೆಯಲ್ಲಿ ಚೀಲವಿದೆ, ಅಳೆದು ಒಯ್ಯಿರಿ, ಬೆಳೆದ ಮೇಲೆ ಅಷ್ಟೇ ಅಳೆದು ತಂದುಕೊಡಿ.

ಕೆಲವರು ನಕ್ಕರು. ಒಬ್ಬಳು ಬಟ್ಟಲು ಬಂತಲ್ಲ ಸಾಕು ಎಂದು ಬೀಜವನ್ನು ನನ್ನೆದುರೇ ನೀರಿಗೆ ಹಾಕಿದಳು. ಫಕೀಹನ ಹೆಂಡತಿ, ಇಷ್ಟು ದಿನ ಬಟ್ಟಲು ಇಟ್ಟುಕೊಂಡಿದ್ದು ಇದಕ್ಕಾ ಎಂದು ಕೇಳಿದಳು.

"ಇದಕ್ಕೇ. ನಿಮ್ ಮನೆ ಸಾರು ಕುಡಿದಿದೀನಿ, ಋಣ ಇಟ್ಕೊಳಲ್ಲ. ಬರೋ ವರ್ಷ ನಿಮ್ ಹೊಲದ ಕಡ್ಲೆ ಹಾಕಿ ಕಳಿಸಿ."

ಬರುವ ಮಳೆಗೆ ನಮ್ಮ ಹೊಲದಲ್ಲಿ ಗೋಧಿ. ಹಾಜಿಯದಲ್ಲ, ನಮ್ಮದು. ಕಡಲೆ ಬೆಳೆದ ನೆಲದಲ್ಲಿ ಗೋಧಿ ಹೇಗೆ ಬರುತ್ತದೆ ಎಂದು ಊರು ನೋಡಬೇಕು. ನೀನೂ ನೋಡಬೇಕು.

ಯಾಮ್ನಾ


ಕೆನಿತ್ರಾ
28 ಸೆಪ್ಟೆಂಬರ್ 1989

ಅಕ್ಕ,

ಇದನ್ನು ಬರೆಯಲು ತಡಮಾಡಿದೆ.

ಹಾಜಿಗೆ ಮಾತು ಕೊಟ್ಟಿದ್ದೇನೆ. ಇಲ್ಲಿಯ ಸಂತೆಯಲ್ಲಿ ಸಿಕ್ಕಿದ್ದ, ನಾಲ್ಕು ಜನರ ಮುಂದೆ ಕೈ ಹಿಡಿದ. ನಿನ್ನ ಪಾಲಿನ ಗೇಣಿ ನಿನಗೆ ಬರುತ್ತದೆ. ನೀನೂ ಈ ವರ್ಷ ಗೋಧಿಯನ್ನೇ ಬಿತ್ತಬೇಕು ಎಂದಿದ್ದೀಯ, ಅವನೂ ಅದನ್ನೇ ಬಿತ್ತುತ್ತಾನೆ. ನೀನು ಯಾಕೆ ಹೆಣಗಬೇಕು? ಮೊದಲ ಮಳೆ ಬಿದ್ದ ಕೂಡಲೇ ಟ್ರ್ಯಾಕ್ಟರ್ ಬರುತ್ತದೆ.

ಕಡಲೆ ಬೆಳೆದ ನೆಲದ ಮೇಲೆ ಅವನಿಗೆ ಯಾಕೆ ಇಷ್ಟು ಆತುರ ಎಂದು ನೀನು ಕೇಳುತ್ತೀಯ. ಅದು ನನಗೂ ಹೊಳೆದಿದೆ. ಆದರೆ ಕೊಟ್ಟ ಮಾತು ಕೊಟ್ಟಾಯಿತು.

ಸಿಟ್ಟಾಗಬೇಡ.

ಜಿಲಾಲಿ


ಐನ್ ಸೆದ್ರಾ
2 ನವೆಂಬರ್ 1989

ಜಿಲಾಲಿ,

ಸಿಟ್ಟಾದೆ. ಚೆನ್ನಾಗಿ ಸಿಟ್ಟಾದೆ. ನಿನ್ನ ಕಾಗದವನ್ನು ಒಲೆಗೆ ಹಾಕಿ ಅದರ ಮೇಲೆ ಚಹಾ ಕಾಯಿಸಿ ಕುಡಿದೆ.

ಈ ವರ್ಷ ಅವನೂ ಗೋಧಿ, ನಾನೂ ಗೋಧಿ ಎಂದು ಬರೆದಿದ್ದೀಯ. ಮುಂದಿನ ವರ್ಷ? ಅವನ ಟ್ರ್ಯಾಕ್ಟರ್ ಒಮ್ಮೆ ಇಳಿದರೆ ಕಡಲೆಯ ಸರದಿ ಇನ್ನು ಯಾವ ವರ್ಷವೂ ಬರುವುದಿಲ್ಲ. ನನ್ನ ಕಡಲೆ ನೆಲಕ್ಕೆ ಹಾಕಿದ ಸತ್ವವನ್ನು ಅವನ ಗೋಧಿ ಉಂಡು ಎದ್ದುಹೋಗುತ್ತದೆ, ನನ್ನ ಕೈಗೆ ಗೇಣಿ ಬರುತ್ತದೆ. ಅಷ್ಟಕ್ಕೆ ನನ್ನ ಕೈ ಉರಿಸಿಕೊಂಡೆನೇ?

ಮೊದಲ ಮಳೆ ಬಿದ್ದ ಕೂಡಲೇ ಎಂದು ನೀನೇ ತಿಳಿಸಿದೆ, ಒಳ್ಳೆಯದಾಯಿತು. ಅಪ್ಪ ಕೆಲವು ವರ್ಷ ಮಳೆಗೆ ಮೊದಲೇ ಒಣ ಮಣ್ಣಿನಲ್ಲಿ ಗೋಧಿ ಬಿತ್ತುತ್ತಿದ್ದ. ನಾನೂ ಹಾಗೇ ಮಾಡಿದೆ. ಘನ್ನೂ ಹೇಸರಗತ್ತೆ ತಂದಳು, ಬಟ್ಟಲು ಇಸಿದುಕೊಂಡ ಹೆಂಗಸರಲ್ಲಿ ಆರೇಳು ಮಂದಿ ಬಂದರು. ನಾಳೆ ಅವರ ಪಟ್ಟಿಗಳಿಗೂ ಹಾಜಿಯ ಕಣ್ಣು ಬೀಳುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ. ಗಂಡಸರು ಚಹಾದಂಗಡಿಯಲ್ಲಿ ಕೂತು ಎಲ್ಲವನ್ನೂ ನೋಡಿದರು, ಏನನ್ನೂ ನೋಡದ ಹಾಗೆ ಇದ್ದರು. ಬಿತ್ತಿ ಮುಗಿಸಿದ ವಾರದೊಳಗೆ ಮಳೆ ಬಂತು.

ಮಳೆ ನಿಂತ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವನು ಅಲ್ಲಾಲ್, ಹಿಂದೆ ಹಾಜಿಯ ಕಾರು. ನಾನು ಹೊಲದ ಅಂಚಿನಲ್ಲಿ ನಿಂತಿದ್ದೆ. ಮೊಳಕೆ ಇನ್ನೂ ಕಂಡಿರಲಿಲ್ಲ, ಆದರೆ ಬಿತ್ತಿದ ನೆಲವನ್ನು ಗುರುತಿಸಲು ಬಾರದವನೇನಲ್ಲ ಹಾಜಿ. ಅವನು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

"ನಿನ್ ತಮ್ಮ ನನ್ ಕೈ ಹಿಡಿದು ಮಾತು ಕೊಟ್ಟಿದಾನೆ."

"ಅವನ ಕೈ ಕೆನಿತ್ರಾದಲ್ಲಿದೆ ಹಾಜಿ. ಬಿತ್ತಿದ ಕೈ ಇಲ್ಲಿದೆ."

ನೇಗಿಲು ಇಳಿಸು ಎಂದು ಅವನು ಅಲ್ಲಾಲನಿಗೆ ಹೇಳಿದ. ಬಿತ್ತಿದ ಕಾಳಿನ ಮೇಲೆ ನೇಗಿಲು ಹಾಯಿಸುವವರು ನಮ್ಮ ಕಡೆ ಯಾರೂ ಇಲ್ಲ, ಅದು ಹಾಜಿಗೂ ಗೊತ್ತು, ಸಿಟ್ಟಿನಲ್ಲಿ ಅಂದದ್ದು. ಅಲ್ಲಾಲ್ ಚಕ್ರ ಹಿಡಿದು ಕೂತೇ ಇದ್ದ. ಆ ಬೀಜವನ್ನು ತನ್ನ ಹೆಂಡತಿಯೂ ಸೇರಿ ಬಿತ್ತಿದ್ದು ಅವನಿಗೆ ಗೊತ್ತಿತ್ತು. ಆಮೇಲೆ ಮೆಲ್ಲಗೆ ಹೇಳಿದ.

"ಬಿತ್ತಿರೋ ನೆಲ ಹಾಜಿ. ನಾನು ಇಳಿಸಲ್ಲ. ಬೇಕಾದ್ರೆ ನೀವೇ ಬಂದು ಕೂತ್ಕೊಳ್ಳಿ."

ಹಾಜಿ ಕಾರು ಹತ್ತಿದ. ಟ್ರ್ಯಾಕ್ಟರ್ ಹಿಂದಿರುಗಿತು. ಅದು ತಿರುವು ದಾಟುವವರೆಗೆ ನಾನು ಹೊಲದ ಅಂಚು ಬಿಟ್ಟು ಕದಲಲಿಲ್ಲ.

ನೀನು ಕೊಟ್ಟ ಮಾತನ್ನು ನಾನು ಮುರಿದೆ. ಸಂತೆಯಲ್ಲಿ ನಿನ್ನ ತಲೆ ತಗ್ಗಿಸಿದೆ, ಅದು ಗೊತ್ತು. ಕ್ಷಮೆ ಕೇಳುವುದಿಲ್ಲ. ಆ ಮಾತನ್ನು ಕೊಡುವ ಮೊದಲು ನೀನು ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಯಾಮ್ನಾ


ಐನ್ ಸೆದ್ರಾ
18 ಫೆಬ್ರವರಿ 1990

ಜಿಲಾಲಿ,

ಚಳಿಗಾಲ ಪೂರ್ತಿ ನಿನ್ನಿಂದ ಒಂದು ಸಾಲಿಲ್ಲ. ಮಗುವಿಗೆ ದಡಾರ ಬಂದು ಹೋಯಿತೆಂದು ಬಸ್ಸಿನವನಿಂದ ತಿಳಿಯಬೇಕಾಯಿತು. ಫತೀಹಾಗೆ ಜೇನುತುಪ್ಪ ಕಳಿಸಿದ್ದೇನೆ, ನಿನಗಲ್ಲ.

ಬೇಡವೆಂದರೂ ಹೇಳುತ್ತೇನೆ. ಹೊಲ ಕಪ್ಪುಹಸಿರಾಗಿದೆ. ಬದುವಿನ ಆ ಕಡೆ ಹಾಜಿಯ ಗೋಧಿ, ಈ ಕಡೆ ನಮ್ಮದು. ಒಂದೇ ಮಳೆ, ಒಂದೇ ಮಣ್ಣು. ಬಸ್ಸಿನಿಂದ ನೋಡಿದವರೂ ಗೆರೆ ಎಳೆದ ಹಾಗೆ ಕಾಣುತ್ತದೆ ಎನ್ನುತ್ತಾರೆ. ನಜಾತ್ ಬಂದು ಕಚೇರಿಯವರಿಗೆ ತೋರಿಸಲು ಫೋಟೋ ತೆಗೆದಳು. ಊರಿನ ಬಾಯಿಯ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನು ಮೇಲೆ ಯಾವ ಊರಿಗೆ ಹೋದರೂ ಬೀಜವನ್ನು ಒಬ್ಬರಿಗೆ ಕೊಡುವುದಿಲ್ಲ, ಒಂದು ಓಣಿಗೆ ಕೊಡುತ್ತೇನೆ ಎಂದಳು.

ರಸ್ತೆಯುದ್ದಕ್ಕೂ ಕಡಲೆ ಮೊಳೆತಿದೆ. ಎಲ್ಲ ಮನೆಯವರೂ ಬಿತ್ತಿಲ್ಲ. ಬೇಯಿಸಿ ತಿಂದವರು ತಿಂದರು. ಬೀಜ ನೀರಿಗೆ ಹಾಕಿದ್ದಳಲ್ಲ, ಅವಳೇ ಬಂದು ಚೀಲದಿಂದ ಅಳೆಸಿಕೊಂಡು ಹೋದಳು. ನಾನು ಏನೂ ಅನ್ನಲಿಲ್ಲ. ಸ್ವಲ್ಪ ಅಂದೆ.

ಒಂದು ವಿಷಯ ಬಾಕಿ ಇದೆ. ಹಾಜಿಗೆ ಕೊಟ್ಟ ಮಾತು ಎಷ್ಟು ವರ್ಷದ್ದು? ಕೊಯ್ಲಿನವರೆಗೆ ಹೊಲದಲ್ಲಿ ನಿಂತಿರುವುದು ನನ್ನ ಪೈರು. ಕೊಯ್ಲಾದ ಮರುದಿನ ಅದು ಮತ್ತೆ ಬರಿಯ ನೆಲ, ಮತ್ತೆ ಎರಡು ಪಾಲು ನಿನ್ನದು. ಈ ಸಲ ಅವನು ಮಳೆಗೆ ಕಾಯುವುದಿಲ್ಲ. ಅವನು ಬರುವ ಮೊದಲು ನೀನು ಏನು ಹೇಳುತ್ತೀ ಎಂದು ನನಗೆ ತಿಳಿಯಬೇಕು.

ಯಾಮ್ನಾ


ಕೆನಿತ್ರಾ
3 ಜೂನ್ 1990

ಅಕ್ಕ,

ಹೋದ ತಿಂಗಳು ನಾನು ಊರಿಗೆ ಬಂದಿದ್ದೆ. ನೀನು ಸಂತೆಗೆ ಹೋಗಿದ್ದೆಯಂತೆ. ಮಂಗಳವಾರ ನೀನು ಸಂತೆಗೆ ಹೋಗುತ್ತೀಯ ಎಂದು ಗೊತ್ತಿದ್ದೇ ಮಂಗಳವಾರ ಬಂದೆ. ನಿನ್ನ ಮುಖ ನೋಡುವ ಮೊದಲು ಹೊಲದ ಮುಖ ನೋಡಬೇಕಿತ್ತು.

ಬಸ್ಸಿಳಿದು ನಡೆದುಕೊಂಡು ಬಂದೆ. ರಸ್ತೆಯ ಎರಡೂ ಕಡೆ ಕಡಲೆ, ಕಾಯಿ ತುಂಬಿ ಬಾಗಿತ್ತು. ಮೊದಲ ಹೊಲದಲ್ಲಿ ಒಂದು ಗಿಡ ಕಿತ್ತು ತಿಂದೆ, ಮುಂದಿನದರಲ್ಲಿ ಇನ್ನೊಂದು. ನಾಲ್ಕನೆಯ ಹೊಲದ ಹೊತ್ತಿಗೆ ಸಾಕಾಯಿತು. ನನ್ನ ಮುಂದೆ ಹೋಗುತ್ತಿದ್ದವರೂ ಹಾಗೇ ಒಂದು ಹಿಡಿ ತಿಂದು ನಡೆದುಬಿಟ್ಟರು. ಯಾರ ಹೊಲವೂ ಬೋಳಾಗಿರಲಿಲ್ಲ. ಘನ್ನೂ ತನ್ನ ಪಟ್ಟಿಯಲ್ಲಿ ನಿಂತಿದ್ದವಳು ನನ್ನನ್ನು ಗುರುತಿಸಿ, ಏನು ಜಿಲಾಲಿ, ನಮ್ ಹೊಲದ್ದೂ ತಿನ್ನು, ನಿಮ್ಮಕ್ಕನ ಬಾಯಿಗೆ ಹೆದರಿ ಬಿತ್ತಿದ್ದು ಎಂದಳು. ನಾನು ಬಂದದ್ದನ್ನು ನಿನಗೆ ಹೇಳಬೇಡ ಎಂದೆ. ಹೇಳಿರುತ್ತಾಳೆ.

ನಮ್ಮ ಗೋಧಿಯ ಒಂದು ತೆನೆ ಅಂಗೈಯಲ್ಲಿ ಉಜ್ಜಿ, ಊದಿ ನೋಡಿದೆ. ದಿನಾ ಸಾವಿರಾರು ಚೀಲ ಗೋಧಿ ನೋಡುವವನು ನಾನು, ಅಕ್ಕ. ಅಂಥ ಕಾಳು ನಮ್ಮ ಗಿರಣಿಗೆ ಬರುವುದು ಅಪರೂಪ. ಬದುವಿನ ಮೇಲೆ ಕೂತುಬಿಟ್ಟೆ. ಅಪ್ಪ ಇದ್ದಿದ್ದರೆ ನನ್ನನ್ನು ಬೈಯುತ್ತಿದ್ದ, ನಿನ್ನನ್ನೂ ಬೈಯುತ್ತಿದ್ದ, ಆಮೇಲೆ ನಿನ್ನ ಮಾತು ಕೇಳುತ್ತಿದ್ದ. ನನಗೆ ಅಳು ಬಂತು. ಮುಂದಿನ ಬಸ್ಸಿಗೆ ಹೊರಟುಬಂದೆ.

ನಿನ್ನೆ ಹಾಜಿ ಗಿರಣಿಗೆ ಬಂದ. ಎಲ್ಲರ ಮುಂದೆ ನನ್ನ ಮಾತು ಹುಸಿಯಾಯಿತೆಂದು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಹೊಲವನ್ನು ಆರು ವರ್ಷಕ್ಕೆ ಕೊಡು, ಗೇಣಿ ಹೆಚ್ಚು ಕೊಡುತ್ತೇನೆ, ಒಂದು ವರ್ಷ ಗೋಧಿ ಒಂದು ವರ್ಷ ಕಡಲೆ ಹಾಕಬೇಕೆಂದಿದ್ದೇನೆ ಎಂದ. ಅದು ತನಗೇ ಹೊಳೆದದ್ದು ಎಂಬ ಹಾಗೆ ಕಾಳು ಹೇಗೆ ನೆಲ ಕಾಯುತ್ತದೆ ಎಂದು ನನಗೆ ಪಾಠವನ್ನೂ ಹೇಳಿದ. ನನ್ನ ಜೊತೆ ಕೆಲಸ ಮಾಡುವವರೆಲ್ಲ ಸುತ್ತ ನಿಂತಿದ್ದರು. ಅವನು ಕೈ ಚಾಚಿದ. ನಾನು ಚಾಚಲಿಲ್ಲ.

"ಹೊಲ ನಮ್ಮಕ್ಕಂದು ಹಾಜಿ. ಅವಳನ್ನೇ ಕೇಳಿ."

ಎರಡು ಪಾಲು ನಿನ್ನದಲ್ಲವಾ ಎಂದ. ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಮೊದಲ ಸಲ ಬಾಯಿ ತಪ್ಪಿ ಬಂತೇನೋ ಎಂದು ಅವನು ಅಂದುಕೊಳ್ಳಬಾರದಲ್ಲ.

ಅವನು ನಿನ್ನ ಬಾಗಿಲಿಗೆ ಬರುತ್ತಾನೆ. ನೀನು ಏನು ಹೇಳಿದರೂ ಅದೇ ನನ್ನ ಮಾತು.

ನಿನ್ನ ತಮ್ಮ,
ಜಿಲಾಲಿ


ಐನ್ ಸೆದ್ರಾ
17 ಜೂನ್ 1990

ನನ್ನ ತಮ್ಮ ಜಿಲಾಲಿಗೆ,

ಘನ್ನೂ ಅದೇ ದಿನ ಹೇಳಿದ್ದಳು. ನೀನು ಬದುವಿನ ಮೇಲೆ ಎಷ್ಟು ಹೊತ್ತು ಕೂತಿದ್ದೆ ಎಂಬುದನ್ನೂ ಹೇಳಿದಳು. ನೀನು ಬರೆಯುವವರೆಗೆ ನಾನು ಬಾಯಿ ಬಿಡಬಾರದು ಎಂದು ಸುಮ್ಮನಿದ್ದೆ. ಸುಮ್ಮನಿರುವುದು ನನಗೆಷ್ಟು ಕಷ್ಟ ಎಂದು ನಿನಗೆ ಗೊತ್ತು.

ಹಾಜಿ ಬಂದ. ಹೊಸಿಲಿನ ಹೊರಗೆ ನಿಂತು ಬಾಗಿಲ ಪಕ್ಕದ ಗೋಡೆಯ ಜೊತೆ ಮಾತಾಡಿದ. ಆರು ವರ್ಷ ಎಂದ, ಗೇಣಿ ಎಂದ, ಒಂಟಿ ಹೆಂಗಸಿಗೆ ಹೊಲದ ತಾಪತ್ರಯ ಯಾಕೆ ಎಂದ. ಗೋಡೆ ಏನೂ ಹೇಳಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದ. ಅವನು ತಿರುಗುವವರೆಗೆ ನಾನು ಕಾದೆ, ತಿರುಗಿದ ಮೇಲೆ ಕೊಡುವುದಿಲ್ಲ ಎಂದೆ. ಚಹಾ ಕುಡಿದು ಹೋಗಿ ಎಂದೂ ಕರೆದೆ. ಅವನು ಕೂರಲಿಲ್ಲ.

ನಿನ್ನ ಕಾಗದವನ್ನು ಈ ಸಲ ಒಲೆಗೆ ಹಾಕಿಲ್ಲ. ನೀನು ಗಿರಣಿಯಲ್ಲಿ ಹೇಳಿದ್ದನ್ನು ಘನ್ನೂಗೆ ಓದಿ ಹೇಳಿದೆ, ಅವಳು ಇನ್ನೊಮ್ಮೆ ಓದಿಸಿದಳು. ಕಾನೂನಿನಲ್ಲಿ ಎರಡು ಪಾಲು ಇವತ್ತಿಗೂ ನಿನ್ನದೇ, ನಾಳೆಗೂ ನಿನ್ನದೇ. ಗೋಧಿ ಕೊಯ್ದಾಗಿದೆ. ನಿನ್ನ ಎರಡು ಪಾಲು ಅಳೆದು ಚೀಲ ಹೊಲಿದಿಟ್ಟಿದ್ದೇನೆ, ಫತೀಹಾಳನ್ನೂ ಮಗುವನ್ನೂ ಕರೆದುಕೊಂಡು ಬಂದು ಒಯ್ಯಿ. ಮಂಗಳವಾರ ಬರಬೇಡ. ನಾನು ಮನೆಯಲ್ಲಿರುವ ದಿನ ಬಾ.

ಈ ಡಿಸೆಂಬರಿಗೆ ರಸ್ತೆ ಬದಿಯ ಹೊಲದಲ್ಲಿ ಕಡಲೆ. ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಯಾಮ್ನಾ